ಹಳೇ ವಾಲ್ವ್ ಆಂಪ್ಲಿಫೈಯರ್ ರಿಪೇರಿಯಾಗಿದೆ, ಒರಿಜಿನಲ್ ಅನ್ನಬಹುದಾ?

ಪ್ರಶ್ನೆ: ವಿರಾಜಪೇಟೆ ಕಡೆಯ ತೋಟದ ಬಂಗಲೆಯಲ್ಲಿದ್ದ ಇಂಗ್ಲೆಂಡಿನ ಒಂದು ಜೊತೆ ಕ್ವಾಡ್ 2 ವಾಲ್ವ್ (ಗಾಜಿನ ಕೊಳವೆಯ) ಆಂಪ್ಲಿಫೈಯರ್ ಮಾರಾಟಕ್ಕಿದೆ. ಚೆನ್ನಾಗಿ ಹಾಡುತ್ತವೆ. ಆದರೆ ಅಡಿಯ ಮುಚ್ಚಳ ತೆಗೆದರೆ ಹೊಸ ಕಂಡೆನ್ಸರ್‌ಗಳು (ಕೆಪಾಸಿಟರ್‌ಗಳು) ಕಾಣುತ್ತವೆ. ಒರಿಜಿನಲ್ ಅಂತ ಹೇಳಿ ಕೇಳುತ್ತಿರುವ ಬೆಲೆ ಕೊಡಬಹುದಾ?

ಉತ್ತರ: ಹೊಸ ಕಂಡೆನ್ಸರ್ ನೋಡಿ ಹಿಂಜರಿಯಬೇಡಿ. ಕೊಡಗಿನಲ್ಲಿ ಅದು ಒಳ್ಳೆಯ ಲಕ್ಷಣ. ಕಕ್ಕಡ ತಿಂಗಳ ಜಡಿಮಳೆಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಅರವತ್ತು ವರ್ಷದ ಹಿಂದಿನ ಕಾಗದದ ಕಂಡೆನ್ಸರ್ ಹೇಗೆ ತಡೆದೀತು? ತೇವ ಒಳಗೆ ಹೋದರೆ ಅದು ತಡೆಯಬೇಕಾದ ಡಿಸಿ ವೋಲ್ಟೇಜನ್ನು ಸೋರಿಸುತ್ತದೆ. ಆ ವೋಲ್ಟೇಜ್ ಔಟ್‌ಪುಟ್ ವಾಲ್ವಿನ ಗ್ರಿಡ್ (ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ಮುಟ್ಟಿದರೆ ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ವಾಲ್ವಿನೊಳಗಿನ ಲೋಹದ ಪ್ಲೇಟ್ ಕೆಂಪಗಾಗುತ್ತದೆ. ಕೊನೆಗೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ನಾನು ಮೊದಲು ಕೊಂಡ ವಾಲ್ವ್ ಸೆಟ್ಟನ್ನು 'ಇದಕ್ಕೆ ಯಾರೂ ಕೈ ಹಾಕಿಲ್ಲ' ಅಂತ ಹೇಳಿ ಕೊಟ್ಟಿದ್ದರು. ನಾನೂ ಖುಷಿಯಲ್ಲಿ ಹಾಗೇ ಸ್ವಿಚ್ ಹಾಕಿದೆ. ಅರ್ಧ ಗಂಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಹೊಗೆಯಾಡಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಸವೆಯುವ ಭಾಗ ಬೇರೆ, ಉಳಿಯಬೇಕಾದ ಭಾಗ ಬೇರೆ. ಬೆಲೆಯ ಮುಕ್ಕಾಲು ಪಾಲು ನಿಂತಿರುವುದು ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಅಂತ ನನ್ನ ಲೆಕ್ಕ. ಕ್ವಾಡ್ 2 ಬಂದಿದ್ದು 1953ರಲ್ಲಿ. ಒಂದೊಂದೂ 15 ವ್ಯಾಟಿನದು, ಸ್ಟೀರಿಯೋಗೆ ಎರಡು ಬೇಕು. ಇದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವಾಲ್ವಿನ ಕ್ಯಾಥೋಡಿಗೂ (ಎಲೆಕ್ಟ್ರಾನ್ ಹೊರಬಿಡುವ ಭಾಗ) ಬೇರೆ ತಂತಿ ಸುತ್ತು ಇದೆ. ಅದರ ಸ್ವರದ ಗುಟ್ಟು ಅಲ್ಲೇ ಇರುವುದು. ಅದನ್ನು ಬಿಚ್ಚಿ ಮಾಮೂಲಿ ರಿವೈಂಡಿಂಗ್ ಮಾಡಿಸಿದ್ದರೆ ಹೆಸರು ಮಾತ್ರ ಕ್ವಾಡ್. ಟ್ರಾನ್ಸ್‌ಫಾರ್ಮರ್ ಡಬ್ಬಿಯ ಅಂಚಿನಲ್ಲಿ ಕಪ್ಪು ಡಾಂಬರು ಸೋರಿದ ಗುರುತಿದೆಯಾ, ಎರಡರ ಡಬ್ಬಿಗಳೂ ಒಂದೇ ತರ ಇವೆಯಾ, ಟಾರ್ಚ್ ಹಿಡಿದು ನೋಡಿ.

ಬಣ್ಣದ ವಿಷಯದಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಹೊಸ ಪೇಂಟ್ ಹೊಡೆದು ಫಳಫಳ ಮಾಡಿದ ಸೆಟ್ಟಿಗಿಂತ, ಅಲ್ಲಲ್ಲಿ ಗೀರು ಬಿದ್ದ ಹಳೇ ಬಣ್ಣಕ್ಕೇ ಸಂಗ್ರಹ ಮಾಡುವವರು ಹೆಚ್ಚು ಕೊಡುವುದು.

ಇನ್ನು ವಾಲ್ವ್‌ಗಳು. ಒಂದೊಂದರಲ್ಲೂ ಎರಡು ಕೆಟಿ66 (ಔಟ್‌ಪುಟ್ ವಾಲ್ವ್), ಎರಡು ಇಎಫ್86 (ಮೊದಲ ಹಂತದ ಸಣ್ಣ ವಾಲ್ವ್), ಒಂದು ಜಿಝಡ್32 (ಎಸಿಯನ್ನು ಡಿಸಿ ಮಾಡುವ ವಾಲ್ವ್) ಇರಬೇಕು. ಜೆನಾಲೆಕ್ಸ್, ಮುಲ್ಲಾರ್ಡ್ ಎಂಬ ಹಳೇ ಇಂಗ್ಲಿಷ್ ಬ್ರ್ಯಾಂಡಿನ ಹೆಸರು ಕಂಡ ಕೂಡಲೇ ಬೆಲೆ ಏರಿಸಬೇಡಿ. ಅದೇ ಹೆಸರಿನಲ್ಲಿ ರಷ್ಯಾದಲ್ಲಿ ತಯಾರಾದ ಹೊಸ ವಾಲ್ವ್‌ಗಳೂ ಸಿಗುತ್ತವೆ. ಅವು ಕೆಟ್ಟವಲ್ಲ, ಆದರೆ ಹಳೆಯವುಗಳ ಬೆಲೆ ಅವಕ್ಕಿಲ್ಲ. ಗಾಜಿನ ಮೇಲಿನ ಅಕ್ಷರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಹಳೇ ಮುಲ್ಲಾರ್ಡ್ ಆದರೆ ಗಾಜಿನ ಬುಡದಲ್ಲಿ ಸಣ್ಣದಾಗಿ ಕೊರೆದ ಕೋಡ್ ಹುಡುಕಿ. ಮುಲ್ಲಾರ್ಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದಾದರೆ ಅದರಲ್ಲಿ 'ಬಿ' ಅಕ್ಷರ ಇರುತ್ತದೆ. ನಮ್ಮ ಬೆಂಗಳೂರಿನ ಬಿಇಎಲ್ ವಾಲ್ವ್ ಸಿಕ್ಕಿದರೆ ಬೇಜಾರಾಗಬೇಡಿ. ಇಂಗ್ಲೆಂಡಿನ ಬಿಡಿಭಾಗ ಕೈಗೆ ಸಿಗದ ಕಾಲದಲ್ಲಿ ಎಷ್ಟೋ ಸೆಟ್ಟುಗಳನ್ನು ಉಳಿಸಿದ್ದು ಅವೇ. ಬೆಲೆ ಸ್ವಲ್ಪ ಇಳಿಯಬಹುದು, ಆದರೆ ನನಗೆ ಅವುಗಳ ಮೇಲೆ ಪ್ರೀತಿ ಇದೆ.

ಕೊನೆಗೆ ಒಂದು ಪರೀಕ್ಷೆ. ಒಳಗೆ 300 ವೋಲ್ಟಿಗಿಂತ ಹೆಚ್ಚಿರುತ್ತದೆ, ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಅದಕ್ಕೇ ವಾಲ್ವ್ ಸೆಟ್ ಗೊತ್ತಿರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಕೆಟಿ66ಗಳಿಗೆ ಸೇರಿದ 180 ಓಮ್ ರೆಸಿಸ್ಟರ್ ಒಂದಿದೆ. ಯಾವಾಗಲೂ ಬಿಸಿಯಾಗುವ ಭಾಗ ಅದು, ಬದಲಾಗಿದ್ದರೆ ಕೊರತೆಯಲ್ಲ. ಅದರ ಎರಡು ತುದಿಯಲ್ಲಿ ಸುಮಾರು 26 ವೋಲ್ಟ್ ಬರಬೇಕು. ತುಂಬಾ ಜಾಸ್ತಿ ಇದ್ದರೆ ಎಲ್ಲೋ ಸೋರಿಕೆ ಇರಬಹುದು. ಒಂದು ಗಂಟೆ ಹಾಡಿಸಿ ಮತ್ತೆ ಅಳೆಯಲಿ. ಕೋಣೆಯ ದೀಪ ಆರಿಸಿ ಪ್ಲೇಟ್ ಕೆಂಪಗಾಗಿದೆಯಾ ನೋಡಿ.

ಏನೇನು ಬದಲಾಯಿಸಿದ್ದಾರೆ ಅಂತ ಮಾರುವವರು ಬರೆದು ಕೊಟ್ಟು, ತೆಗೆದ ಹಳೇ ಭಾಗಗಳನ್ನೂ ಒಂದು ಕವರಿನಲ್ಲಿ ಕೊಟ್ಟರೆ, ನಾನಾದರೆ ಜಾಸ್ತಿ ಚೌಕಾಸಿ ಮಾಡುವುದಿಲ್ಲ. ಟ್ರಾನ್ಸ್‌ಫಾರ್ಮರ್ ಒಂದಾದರೂ ರಿವೈಂಡ್ ಆಗಿದ್ದರೆ ಕೇಳಿದ್ದರ ಅರ್ಧದಿಂದ ಮಾತು ಶುರು ಮಾಡುತ್ತೇನೆ.