ಚೆಂಡು ಗಾಳಿಯಲ್ಲಿ ತಿರುಗುತ್ತೆ, ಪಿಚ್ ಆದಮೇಲೆ ನೆಟ್ಟಗೆ ಹೋಗುತ್ತೆ. ಯಾಕೆ?

ಪ್ರಶ್ನೆ: ನಾನು ಕ್ರಿಕೆಟ್‌ನಲ್ಲಿ ಬಲಗೈ ಲೆಗ್ ಸ್ಪಿನ್ ಹಾಕ್ತೀನಿ. ಕೈಯಿಂದ ಬಿಡುವಾಗ ಚೆಂಡು ಗಿರಗಿರ ಅಂತ ತಿರುಗುತ್ತೆ. ಪಿಚ್ ಬಿದ್ದ ಮೇಲೆ ಮಾತ್ರ ನೆಟ್ಟಗೆ ಹೋಗುತ್ತೆ. ಇನ್ನೂ ಜೋರಾಗಿ ತಿರುಗಿಸಬೇಕಾ?

ಉತ್ತರ: ಬೇಡ. ಜೋರು ನಿಮ್ಮ ಕೈಯಲ್ಲಿ ಆಗಲೇ ಇದೆ. ಚೆಂಡು ಯಾವ ಕಡೆಗೆ ಸುತ್ತುತ್ತಿದೆ ಅನ್ನೋದನ್ನು ಮೊದಲು ನೋಡಿ.

ನೆಲಕ್ಕೆ ತಾಗುವುದು ಚೆಂಡಿನ ತಳ ಮಾತ್ರ, ಅಲ್ವಾ? ಆ ಕ್ಷಣದಲ್ಲಿ ತಳ ಅಡ್ಡಕ್ಕೆ ಓಡುತ್ತಿದ್ದರೆ ನೆಲ ಅದನ್ನು ಹಿಡಿದು ಎದುರು ಬದಿಗೆ ತಳ್ಳುತ್ತದೆ. ಟರ್ನ್ ಆಗುವುದು ಹೀಗೆ. ಚೆಂಡು ಬುಗುರಿಯ ಹಾಗೆ ಸುತ್ತುತ್ತಾ ಬಂದರೆ ಎಷ್ಟೇ ವೇಗವಿದ್ದರೂ ತಳ ಯಾವ ಬದಿಗೂ ಓಡುವುದಿಲ್ಲ. ಹಿಡಿಯೋಕೆ ನೆಲಕ್ಕೆ ಏನೂ ಸಿಗುವುದಿಲ್ಲ. ಗಾಳಿಯಲ್ಲಿ ಡ್ರಿಫ್ಟ್, ಅಂದರೆ ಪಕ್ಕಕ್ಕೆ ಸರಿಯುವುದು, ಸಿಗಬಹುದು, ಅಷ್ಟೇ. ಇನ್ನೊಂದು ಸಾಧ್ಯತೆ ಟಾಪ್ ಸ್ಪಿನ್. ಚೆಂಡು ಮುಂದಕ್ಕೆ ಉರುಳುವ ಹಾಗೆ ಸುತ್ತುತ್ತದೆ. ಬೇಗ ಕೆಳಗಿಳಿದು ಎತ್ತರಕ್ಕೆ ಪುಟಿಯುತ್ತದೆ, ಪಕ್ಕಕ್ಕೆ ಸರಿಯುವುದಿಲ್ಲ.

ನಿಮ್ಮದು ಯಾವುದು ಅಂತ ತಿಳಿಯಲು ಸ್ಟಂಪ್ ಹಿಂದೆ ಒಬ್ಬರನ್ನು ನಿಲ್ಲಿಸಿ, ಸೀಮ್ (ಚೆಂಡಿನ ಸುತ್ತಲಿನ ಹೊಲಿಗೆ) ನೋಡಲು ಹೇಳಿ. ಸೀಮ್ ಮಲಗಿಕೊಂಡು ಬರುತ್ತಿದ್ದರೆ ಅದು ಬುಗುರಿ ಸ್ಪಿನ್. ನಿಂತುಕೊಂಡು ನೇರ ಕೀಪರ್ ಕಡೆ ಮುಖ ಮಾಡಿದ್ದರೆ ಟಾಪ್ ಸ್ಪಿನ್. ಬಲಗೈ ಬ್ಯಾಟರ್‌ಗೆ ಹಾಕುವ ಲೆಗ್ ಬ್ರೇಕ್‌ನಲ್ಲಿ (ಲೆಗ್ ಕಡೆಯಿಂದ ಆಫ್ ಕಡೆಗೆ ತಿರುಗುವ ಎಸೆತ) ಸೀಮ್ ಸ್ಲಿಪ್ ಕಡೆಗೆ, ಅಂದರೆ ಕೀಪರ್ ಪಕ್ಕದ ಆಫ್ ಬದಿಗೆ, ವಾಲಿರಬೇಕು. ಸೀಮ್ ಕಾಣದಿದ್ದರೆ ಚೆಂಡಿನ ಅರ್ಧಕ್ಕೆ ಬಣ್ಣದ ಟೇಪ್ ಸುತ್ತಿ.

ಸರಿಪಡಿಸುವುದು ಮಣಿಕಟ್ಟಿನಲ್ಲಿ. ಸೀಮ್ ಮಲಗುತ್ತಿದ್ದರೆ ಸಾಮಾನ್ಯವಾಗಿ ತೋಳು ತೀರಾ ಕೆಳಗೆ ಇರುತ್ತದೆ, ಬೆರಳುಗಳು ಚೆಂಡನ್ನು ಪಕ್ಕದಿಂದ ಸವರಿಕೊಂಡು ಹೋಗುತ್ತವೆ. ತೋಳು ಸ್ವಲ್ಪ ಎತ್ತಿ. ಟಾಪ್ ಸ್ಪಿನ್ ಬರುತ್ತಿದ್ದರೆ ಮಣಿಕಟ್ಟು ಜಾಸ್ತಿ ತಿರುಗಿಬಿಟ್ಟಿದೆ ಅಂತ ಅರ್ಥ. ಇನ್ನೂ ಸ್ವಲ್ಪ ತಿರುಗಿದ್ದರೆ ಅದು ಉಲ್ಟಾ ಕಡೆಗೆ ತಿರುಗುವ ಗೂಗ್ಲಿಯೇ ಆಗುತ್ತಿತ್ತು! ಚಿಮ್ಮುವ ಕೆಲಸ ಮುಖ್ಯವಾಗಿ ಉಂಗುರ ಬೆರಳಿನದು. ಹೆಬ್ಬೆರಳು ಸುಮ್ನೆ ತಾಗಿದ್ದರೆ ಸಾಕು. ತುಂಬಾ ಬಿಗಿಯಾಗಿ ಹಿಡಿದರೆ ಮಣಿಕಟ್ಟು ಗಟ್ಟಿಯಾಗುತ್ತದೆ. ನಿಮ್ಮ ಕಡೆಯಿಂದ ನೋಡಿದಾಗ ಚೆಂಡು ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತಬೇಕು. ಹತ್ತು ಹೆಜ್ಜೆ ದೂರದಿಂದ, ಓಟವಿಲ್ಲದೆ, ಇದಷ್ಟನ್ನೇ ಅಭ್ಯಾಸ ಮಾಡಿ. ಪೂರ್ತಿ ಪಿಚ್‌ನಲ್ಲಿ ಕಲಿಯಲು ಹೋದರೆ ಲೈನ್, ಲೆಂತ್ ಚಿಂತೆಯಲ್ಲಿ ಮಣಿಕಟ್ಟು ಮರೆತೇ ಹೋಗುತ್ತದೆ.

ಹಾಗಂತ ಡ್ರಿಫ್ಟ್, ಟಾಪ್ ಸ್ಪಿನ್ ಎರಡನ್ನೂ ಪೂರ್ತಿ ಬಿಡಬೇಡಿ. 1993ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ ಇಂಗ್ಲೆಂಡ್‌ನ ಬ್ಯಾಟರ್ ಮೈಕ್ ಗ್ಯಾಟಿಂಗ್‌ಗೆ ಹಾಕಿದ ಚೆಂಡು ಮೊದಲು ಗಾಳಿಯಲ್ಲೇ ಲೆಗ್ ಕಡೆ ಸರಿಯಿತು. ಲೆಗ್ ಸ್ಟಂಪ್ ಆಚೆ ಬಿದ್ದು ಆಫ್ ಸ್ಟಂಪ್‌ಗೆ ಬಡಿಯಿತು. ಸ್ಪಿನ್ ಓರೆಯಾಗಿದ್ದರೆ ಡ್ರಿಫ್ಟೂ ಸಿಗುತ್ತದೆ, ಟರ್ನೂ ಸಿಗುತ್ತದೆ. ಇನ್ನು ಅನಿಲ್ ಕುಂಬ್ಳೆ ದೊಡ್ಡ ಟರ್ನ್ ಇಲ್ಲದೆ, ವೇಗ ಮತ್ತು ಬೌನ್ಸ್ ನಂಬಿಕೊಂಡೇ ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದರು. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಒಂದೇ ಇನಿಂಗ್ಸ್‌ನಲ್ಲಿ ಕಿತ್ತರು. ನಿಮ್ಮ ಕೈಗೆ ಟಾಪ್ ಸ್ಪಿನ್ ತಾನಾಗೇ ಬರುತ್ತಿದ್ದರೆ ಅದನ್ನು ಅಳಿಸಿಹಾಕುವುದಕ್ಕಿಂತ ಎರಡನೇ ಎಸೆತವಾಗಿ ಇಟ್ಟುಕೊಳ್ಳಿ ಅನ್ನೋದೇ ನನ್ನ ಸಲಹೆ.

ಇದನ್ನೆಲ್ಲ ಪರೀಕ್ಷಿಸುವಾಗ ನುಣ್ಣನೆಯ ನೆಲ, ಸವೆದ ಟೆನಿಸ್ ಚೆಂಡು ಬೇಡ. ಹಿಡಿತವಿಲ್ಲದ ಕಡೆ ಸರಿಯಾಗಿ ಹಾಕಿದ ಲೆಗ್ ಬ್ರೇಕೂ ಜಾರಿಕೊಂಡು ನೆಟ್ಟಗೇ ಹೋಗುತ್ತದೆ.