ಪಟ್ಟಿಯಲ್ಲಿಲ್ಲದ ಯೋಜನೆಗೆ ಹಣವಿಲ್ಲ

ಅಮೆರಿಕದ ಫೆಡರಲ್ ಇಲಾಖೆಯೊಂದು ಅನುದಾನ ಕೊಡಲಿ, ಸಾಲ ಕೊಡಲಿ, ಬ್ಯಾಂಕ್ ಸಾಲಕ್ಕೆ ಖಾತರಿ ನಿಲ್ಲಲಿ, ವಿಮೆ ಒದಗಿಸಲಿ, ಆ ಯೋಜನೆ ಮೊದಲು ‘ಅಸಿಸ್ಟೆನ್ಸ್ ಲಿಸ್ಟಿಂಗ್ಸ್’ ಎಂಬ ಸಾರ್ವಜನಿಕ ಪಟ್ಟಿಯಲ್ಲಿ ದಾಖಲಾಗಿರಬೇಕು. ದಾಖಲಾಗದ ಯೋಜನೆಯ ಹೆಸರಿನಲ್ಲಿ ನೆರವು ಮಂಜೂರು ಮಾಡುವಂತಿಲ್ಲ ಎನ್ನುತ್ತದೆ ಫೆಡರಲ್ ನಿಯಮಾವಳಿಯ 2 ಸಿಎಫ್‌ಆರ್ 200.203ನೇ ನಿಯಮ. ಕಾಯ್ದೆಯೇ ಗಡುವು ಹಾಕಿರುವಂಥ ತುರ್ತಿಗೆ ಮಾತ್ರ ವಿನಾಯಿತಿ. ಹೀಗಿದ್ದರೂ ಇದನ್ನು ಪ್ರಚಾರದ ಕೆಲಸವೆಂದು ಬಗೆದು ವೆಬ್‌ಸೈಟ್ ನೋಡಿಕೊಳ್ಳುವವರ ತಲೆಗೆ ಕಟ್ಟುವ ಕಚೇರಿಗಳಿವೆ. ಅಲ್ಲಿ ಅಜಾಗರೂಕತೆಯಿಂದ ಬರೆದ ಒಂದು ಸಾಲು ಎರಡು ಮೂರು ವರ್ಷಗಳ ನಂತರ ಯಾವುದೋ ಊರಿನ ಶಾಲಾ ಮಂಡಳಿಯ ಆಡಿಟ್‌ನಲ್ಲಿ ಆಕ್ಷೇಪಣೆಯಾಗಿ ಮೇಲೇಳುತ್ತದೆ.

ಪಟ್ಟಿಯ ಹಿನ್ನೆಲೆ ಸಂಕ್ಷಿಪ್ತವಾಗಿ ಇಷ್ಟು. 1977ರ ಫೆಡರಲ್ ಪ್ರೋಗ್ರಾಂ ಇನ್‌ಫರ್ಮೇಶನ್ ಆ್ಯಕ್ಟ್ ಇದಕ್ಕೆ ಕಾನೂನಿನ ಬಲ ಕೊಟ್ಟಿತು. 1984ರಲ್ಲಿ ನಿರ್ವಹಣೆಯ ಹೊಣೆ ಶ್ವೇತಭವನದ ಬಜೆಟ್ ಕಚೇರಿಯಾದ ಒಎಂಬಿಯಿಂದ ಸರ್ಕಾರದ ಸಾಮಾನ್ಯ ಸೇವೆಗಳ ಏಜೆನ್ಸಿಯಾದ ಜಿಎಸ್‌ಎಗೆ ಬಂತು. ‘ಕ್ಯಾಟಲಾಗ್ ಆಫ್ ಫೆಡರಲ್ ಡೊಮೆಸ್ಟಿಕ್ ಅಸಿಸ್ಟೆನ್ಸ್’ ಎಂಬ ಹೆಸರಿನ ದಪ್ಪ ಪುಸ್ತಕವಾಗಿದ್ದದ್ದು ಮುಂದೆ ವೆಬ್‌ಸೈಟ್ ಆಗಿ, 2018ರಲ್ಲಿ ಪ್ರಾಯೋಗಿಕ ‘ಬೀಟಾ ಸ್ಯಾಮ್’ ತಾಣಕ್ಕೆ, 2021ರ ಮೇ ತಿಂಗಳಲ್ಲಿ ಸರ್ಕಾರದ ಸ್ಯಾಮ್ ಡಾಟ್ ಗವ್ ತಾಣಕ್ಕೆ ಸೇರಿತು. ಹಳೆಯ ಮಂಜೂರಾತಿ ಪತ್ರಗಳಲ್ಲಿರುವ ‘ಸಿಎಫ್‌ಡಿಎ ನಂಬರ್’ ಮತ್ತು ಇಂದಿನ ‘ಅಸಿಸ್ಟೆನ್ಸ್ ಲಿಸ್ಟಿಂಗ್ ನಂಬರ್’ ಎರಡೂ ಒಂದೇ.

ಆ ಸಂಖ್ಯೆಯಲ್ಲಿ ಐದು ಅಂಕಿಗಳಿವೆ. ಚುಕ್ಕೆಯ ಎಡಕ್ಕಿರುವ ಎರಡು ಇಲಾಖೆಯನ್ನು, ಬಲಕ್ಕಿರುವ ಮೂರು ಯೋಜನೆಯನ್ನು ಸೂಚಿಸುತ್ತವೆ. 10 ಕೃಷಿ, 14 ವಸತಿ, 84 ಶಿಕ್ಷಣ, 93 ಆರೋಗ್ಯ, 97 ಒಳನಾಡ ಭದ್ರತೆ. ಬಡವರ ಆರೋಗ್ಯ ನೆರವಿನ ಮೆಡಿಕೈಡ್ 93.778, ಬಡ ವಿದ್ಯಾರ್ಥಿಗಳ ಪೆಲ್ ಗ್ರಾಂಟ್ 84.063, ಆಹಾರ ನೆರವಿನ ಸ್ನ್ಯಾಪ್ 10.551. ಯೋಜನೆ ಇಲಾಖೆ ಬದಲಿಸಿದರೆ ಸಂಖ್ಯೆಯೂ ಬದಲಾಗುತ್ತದೆ. ವಿಕೋಪ ನಿರ್ವಹಣಾ ಸಂಸ್ಥೆಯಾದ ಫೆಮಾ ಸ್ವತಂತ್ರವಾಗಿದ್ದಾಗ ವಿಕೋಪ ಪರಿಹಾರದ ‘ಪಬ್ಲಿಕ್ ಅಸಿಸ್ಟೆನ್ಸ್’ 83.544 ಆಗಿತ್ತು. 2003ರಲ್ಲಿ ಫೆಮಾ ಒಳನಾಡ ಭದ್ರತಾ ಇಲಾಖೆಗೆ ಸೇರಿದ ಮೇಲೆ ಅದೇ 97.036 ಆಯಿತು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ತಾಳೆ ನೋಡುವವರು ಇಂಥ ಕೊಂಡಿಗಳನ್ನು ಗಮನಿಸದಿದ್ದರೆ ಒಂದೇ ಯೋಜನೆಯನ್ನು ಎರಡೆಂದು ಎಣಿಸಿಬಿಡುತ್ತಾರೆ.

ಹೊಸ ನಮೂದು ಬರೆಯುವಾಗ ಮೇಜಿನ ಮೇಲೆ ಮೊದಲು ಇರಬೇಕಾದದ್ದು ಮೂಲ ಕಾಯ್ದೆ. ಪತ್ರಿಕಾ ಪ್ರಕಟಣೆಯಿಂದಲೋ ಕಳೆದ ವರ್ಷದ ಕರಪತ್ರದಿಂದಲೋ ಬರೆಯಲು ಹೊರಟರೆ ತಪ್ಪು ಅಲ್ಲಿಂದಲೇ ಶುರು. ನಿಯಮ ಕೇಳುವ ಮಾಹಿತಿಯನ್ನು ಆರು ಗುಂಪಾಗಿ ನೋಡಬಹುದು. ಯೋಜನೆಯ ವಿವರಣೆ, ಉದ್ದೇಶ, ಗುರಿ, ಫಲಿತಾಂಶವನ್ನು ಅಳೆಯುವ ಬಗೆ ಒಂದು. ನೆರವು ಇಲಾಖೆಯ ವಿವೇಚನೆಗೆ ಬಿಟ್ಟದ್ದೋ, ಕಾಯ್ದೆಯ ಸೂತ್ರದ ಪ್ರಕಾರ ತಾನಾಗಿ ಹಂಚಿಕೆಯಾಗುವಂಥದ್ದೋ ಎಂಬುದು ಇನ್ನೊಂದು. ಅಂದಾಜು ಒಟ್ಟು ಮೊತ್ತ, ಹಣದ ಮೂಲ, ಅರ್ಹತೆ, ಸಂಸ್ಥೆಯ ಎಲ್ಲ ಫೆಡರಲ್ ಹಣಕ್ಕೂ ಒಟ್ಟಾಗಿ ನಡೆಯುವ ‘ಸಿಂಗಲ್ ಆಡಿಟ್’ ಅನ್ವಯವಾಗುತ್ತದೆಯೇ ಇಲ್ಲವೇ ಎಂಬುದು ಉಳಿದ ನಾಲ್ಕು.

ಇವುಗಳಲ್ಲಿ ಉದ್ದೇಶದ ಭಾಗಕ್ಕೆ ಕಚೇರಿಗಳು ಬಹಳ ಹೊತ್ತು ಕೊಡುತ್ತವೆ. ನಿಜವಾಗಿ ಹೊತ್ತು ಬೇಡುವುದು ಹಣದ ಮೂಲ ಮತ್ತು ಅರ್ಹತೆ. ಹಣದ ಮೂಲವೆಂದರೆ ಯಾವ ಕಾಯ್ದೆಯ ಅಧಿಕಾರ, ಯಾವ ಉಪಕಚೇರಿ, ಖಜಾನೆಯ ಯಾವ ಖಾತೆಯ ಸಂಕೇತ ಎಂಬಷ್ಟು ನಿಖರವಾಗಿರಬೇಕು. ಖಾತೆಯ ಸಂಕೇತ ತಪ್ಪಿದರೆ ಸಂಸತ್ತು ಒಪ್ಪಿದ ಬಜೆಟ್ಟಿಗೂ ಸರ್ಕಾರಿ ಖರ್ಚನ್ನು ಜನರಿಗೆ ತೋರಿಸುವ ಯುಎಸ್‌ಎ ಸ್ಪೆಂಡಿಂಗ್ ತಾಣದಲ್ಲಿ ಕಾಣುವ ಖರ್ಚಿಗೂ ನಡುವಿನ ನಂಟು ಕಡಿದುಹೋಗುತ್ತದೆ. ಮೊತ್ತದ ವಿಷಯದಲ್ಲಿ ನಿಯಮ ಉದಾರವಾಗಿದೆ. ಈ ವರ್ಷದ ಬಜೆಟ್ ಇನ್ನೂ ಪಾಸಾಗಿಲ್ಲವೆಂದರೆ ಹಿಂದಿನ ವರ್ಷದ ಅಂಕಿ ಆಧರಿಸಿ ಅಂದಾಜು ಕೊಡಬಹುದು. ಆ ಅಂಕಿ ನೋಡಿ ‘ಇಷ್ಟು ಹಣ ಬಂದೇ ಬರುತ್ತದೆ’ ಎಂದು ಸಂಸ್ಥೆಗಳು ಲೆಕ್ಕ ಹಾಕಿಕೊಳ್ಳುವುದು ಮಾತ್ರ ಅಪಾಯ.

ಅರ್ಹತೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ: ಅರ್ಜಿ ಹಾಕಬಲ್ಲವರು ಯಾರು, ಪ್ರಯೋಜನ ಪಡೆಯುವವರು ಯಾರು? ಸ್ನ್ಯಾಪ್‌ನಲ್ಲಿ ಫೆಡರಲ್ ಸರ್ಕಾರದ ಮುಂದೆ ನಿಲ್ಲುವುದು ರಾಜ್ಯದ ಏಜೆನ್ಸಿ, ಊಟ ಸಿಗುವುದು ಕಡಿಮೆ ಆದಾಯದ ಕುಟುಂಬಕ್ಕೆ. ಬರೆಯುವವರು ಇವೆರಡನ್ನು ಕಲಸಿದರೆ ಓದುವ ಸಾಮಾನ್ಯನಿಗೆ ‘ಇದು ನನಗಲ್ಲ’ ಎನಿಸುತ್ತದೆ, ಅರ್ಹನೇ ಹಿಂದೆ ಸರಿಯುತ್ತಾನೆ. ಪಟ್ಟಿಯಿಂದ ಆಗಬಹುದಾದ ಅತಿ ದೊಡ್ಡ ಹಾನಿ ಇದು.

ನಮೂದು ಸಿದ್ಧವಾದ ಮೇಲೆ ಇಲಾಖೆಯ ಸಂಯೋಜಕರು ಸ್ಯಾಮ್‌ನಲ್ಲಿ ಅದನ್ನು ಸಲ್ಲಿಸುತ್ತಾರೆ. ಒಪ್ಪಿಗೆ ಕೊಡುವ ಅಧಿಕಾರ ಒಎಂಬಿಯದು, ನಮೂನೆ ನಿಗದಿಮಾಡಿ ಪಟ್ಟಿ ನಡೆಸುವುದು ಜಿಎಸ್‌ಎ. ವರ್ಷಕ್ಕೊಮ್ಮೆಯಾದರೂ ಪ್ರತಿ ನಮೂದನ್ನು ಮರುಪರಿಶೀಲಿಸಬೇಕು. ಹಿಂದಿನ ವರ್ಷದ ನಿಜವಾದ ಮೊತ್ತ, ಈ ವರ್ಷದ ಅಂದಾಜು, ಮುಂದಿನ ಬಜೆಟ್ ವರ್ಷದ ಅಂದಾಜು ಮೂರನ್ನೂ ತಿದ್ದುವ ಕೆಲಸ ಆಗ ನಡೆಯುತ್ತದೆ. ಹಣದ ಅಂಕಿ ತಿದ್ದಿ ಉಳಿದದ್ದನ್ನು ಹಾಗೇ ಬಿಡುವುದು ಸಾಮಾನ್ಯ ದೋಷ. ಸಂಪರ್ಕ ಅಧಿಕಾರಿ ವರ್ಗವಾಗಿರುತ್ತಾರೆ, ಅವರ ಇಮೇಲ್ ಮುಚ್ಚಿರುತ್ತದೆ, ಕಾಯ್ದೆಗೆ ತಿದ್ದುಪಡಿ ಬಂದಿರುತ್ತದೆ. ವ್ಯಕ್ತಿಯ ಇಮೇಲ್ ಬದಲು ಕಚೇರಿಯ ಸಾಮಾನ್ಯ ಇಮೇಲ್ ಹಾಕಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಹೊಸ ಸಂಖ್ಯೆ ಕೇಳಬೇಕೇ, ಇರುವುದರಲ್ಲೇ ಸೇರಿಸಬೇಕೇ ಎಂಬುದು ಬಿಡಿಸಲು ಕಷ್ಟದ ಗಂಟು. ಕೋವಿಡ್ ಕಾಲದ ಶಿಕ್ಷಣ ನೆರವಿನ ಬಹುಪಾಲನ್ನು 84.425 ಎಂಬ ಒಂದೇ ಸಂಖ್ಯೆಯಡಿ ಇಟ್ಟು, ಒಳಗಿನ ಬೇರೆ ಬೇರೆ ನಿಧಿಗಳಿಗೆ ಕೊನೆಯಲ್ಲಿ ಅಕ್ಷರ ಜೋಡಿಸಿದರು. ಇಲಾಖೆಗೆ ಇದು ಸುಲಭವಾಯಿತು. ಆದರೆ ಶಾಲೆಗಳು ಅಕ್ಷರ ಬಿಟ್ಟು ಬರೀ ಸಂಖ್ಯೆ ಬರೆದರೆ ಯಾವ ಕಂತಿನ ಹಣ ಯಾವುದಕ್ಕೆ ಖರ್ಚಾಯಿತೆಂದು ಪತ್ತೆ ಹಚ್ಚುವುದು ಕಷ್ಟ. ನಿಯಮಗಳೂ ಅರ್ಹತೆಯೂ ಬೇರೆಯಾಗಿದ್ದರೆ ಸಂಖ್ಯೆಯೂ ಬೇರೆಯಾಗಿರಲಿ ಎಂಬುದು ನಮ್ಮ ಅಭಿಪ್ರಾಯ.

ಸಂಖ್ಯೆ ಇಷ್ಟು ಮುಖ್ಯವಾಗುವುದು ಆಡಿಟ್‌ನಿಂದಾಗಿ. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಫೆಡರಲ್ ಹಣ ಖರ್ಚು ಮಾಡಿದ ರಾಜ್ಯ, ನಗರ, ವಿಶ್ವವಿದ್ಯಾಲಯ, ಲಾಭರಹಿತ ಸಂಸ್ಥೆಗಳಿಗೆ ಸಿಂಗಲ್ ಆಡಿಟ್ ಕಡ್ಡಾಯ. 2024ರ ಅಕ್ಟೋಬರ್ 1ಕ್ಕೆ ಮೊದಲು ಆರಂಭವಾದ ವರ್ಷಗಳಿಗೆ ಈ ಮಿತಿ 7.5 ಲಕ್ಷ ಇತ್ತು. ಖರ್ಚಿನ ಪಟ್ಟಿಯನ್ನು ಈ ಸಂಖ್ಯೆಗಳ ಪ್ರಕಾರವೇ ತಯಾರಿಸಬೇಕು. ಯಾವ ಯೋಜನೆಯನ್ನು ಆಳವಾಗಿ ಪರಿಶೀಲಿಸಬೇಕೆಂದು ಆಡಿಟರ್ ತೀರ್ಮಾನಿಸುವಾಗ ಪ್ರತಿ ಸಂಖ್ಯೆಯ ಮುಂದಿರುವ ಮೊತ್ತವನ್ನು ನೋಡುತ್ತಾರೆ. ಕೆಲವು ಸಂಖ್ಯೆಗಳನ್ನು ಗುಂಪಾಗಿಯೇ ಎಣಿಸಬೇಕು: ಶಾಲಾ ಉಪಾಹಾರದ 10.553, ಶಾಲಾ ಊಟದ 10.555 ಒಂದೇ ಗುಂಪು. ಇಲ್ಲಿ ಒಂದನ್ನು ತಪ್ಪು ಸಂಖ್ಯೆಯಡಿ ಬರೆದರೆ ಮೊತ್ತ ಒಡೆದುಹೋಗಿ, ಪರಿಶೀಲನೆಗೆ ಬರಬೇಕಾದ ಯೋಜನೆ ತಪ್ಪಿಸಿಕೊಳ್ಳುತ್ತದೆ. ಆಮೇಲೆ ಗೊತ್ತಾದರೆ ಆಡಿಟ್ ಮತ್ತೆ ತೆರೆಯಬೇಕು, ಖರ್ಚು ಸಂಸ್ಥೆಯದೇ.

ರಾಜ್ಯದ ಮೂಲಕ ಹಣ ಬಂದಾಗ ಈ ತಪ್ಪು ಹೆಚ್ಚು, ಏಕೆಂದರೆ ಕೆಲವೊಮ್ಮೆ ರಾಜ್ಯ ತನ್ನದೇ ಹೆಸರಿಟ್ಟು ಹಣ ಕಳಿಸುತ್ತದೆ, ಪತ್ರದಲ್ಲಿ ಫೆಡರಲ್ ಸಂಖ್ಯೆ ಇರುವುದಿಲ್ಲ. ಸಂಖ್ಯೆಯನ್ನೂ ಮೊತ್ತವನ್ನೂ ತಿಳಿಸುವುದು ಹಣ ಕೊಡುವವರ ಕರ್ತವ್ಯವೆಂದು 200.332ನೇ ನಿಯಮವಿದೆ. ಮೊದಲ ಕಂತು ಬಂದ ದಿನವೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಅಮೆರಿಕದಲ್ಲಿರುವ ಕನ್ನಡ ಕೂಟಗಳು, ದೇವಸ್ಥಾನ ಸಮಿತಿಗಳ ಖಜಾಂಚಿಗಳಿಗೆ ಇದು ನೇರವಾಗಿ ತಟ್ಟುವುದು ಎರಡು ಕಡೆ. ಒಂದು, ಲಾಭರಹಿತ ಸಂಸ್ಥೆಗಳ ಕಟ್ಟಡಕ್ಕೆ ಕ್ಯಾಮೆರಾ, ಬೇಲಿ, ಬಾಗಿಲು ಮುಂತಾದ ಭದ್ರತೆಗೆ ನೆರವು ನೀಡುವ 97.008. ಅದರ ನಮೂದಿನಲ್ಲಿ ಅರ್ಜಿದಾರ ರಾಜ್ಯದ ಆಡಳಿತ ಏಜೆನ್ಸಿ. ದೇವಸ್ಥಾನ ಆ ಏಜೆನ್ಸಿಗೆ ಅರ್ಜಿ ಕೊಡಬೇಕು, ಫೆಮಾಗೆ ನೇರವಾಗಿ ಅಲ್ಲ. ರಾಜ್ಯದ ಗಡುವು ಫೆಡರಲ್ ಗಡುವಿಗಿಂತ ಮೊದಲೇ ಮುಗಿಯುತ್ತದೆ ಎಂಬುದು ಇದರಿಂದಲೇ ಅರ್ಥವಾಗಬೇಕು. ಸಂಸ್ಥೆಯನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಯುಇಐ ಬೇಕು, ಅದು ಉಚಿತ. ಅದಕ್ಕೆ ಶುಲ್ಕ ಕೇಳುವ ಇಮೇಲ್ ಬಂದರೆ ಅಳಿಸಿಬಿಡಿ.

ಎರಡನೆಯದು ಕೋವಿಡ್ ಸಾಲಗಳು. ಸಂಬಳ ರಕ್ಷಣೆಯ ಪಿಪಿಪಿ, ಅಂದರೆ 59.073, ಸಿಂಗಲ್ ಆಡಿಟ್ ಲೆಕ್ಕಕ್ಕೆ ಬರಲಿಲ್ಲ. ವಿಕೋಪದ ನಷ್ಟಕ್ಕೆ ಕೊಡುವ ಇಐಡಿಎಲ್ ಸಾಲ, ಅಂದರೆ 59.008, ಬಂತು. ಎರಡೂ ಒಂದೇ ಏಜೆನ್ಸಿಯ ಸಾಲಗಳೆಂದು ಒಟ್ಟಿಗೆ ಕೂಡಿಸಿದವರೂ ಒಟ್ಟಿಗೆ ಬಿಟ್ಟವರೂ ತಪ್ಪಿದರು.

ಭಾರತದ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮು ಕೂಡ ಸಬ್ಸಿಡಿ ಕಾರ್ಯಕ್ರಮಗಳ ಜಾರಿ ವಿಧಾನ, ಹಂಚಿಕೆಯಾದ ಮೊತ್ತ, ಫಲಾನುಭವಿಗಳ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಲು ಹೇಳುತ್ತದೆ. ಆದರೆ ಮಂಜೂರಾತಿಯಿಂದ ಆಡಿಟ್‌ವರೆಗೆ ಹಣದ ಜೊತೆಗೇ ಸಾಗುವ ಒಂದು ಸಂಖ್ಯೆಯನ್ನು ಆ ಕಲಮು ವಿಧಿಸಿಲ್ಲ. ಅದೊಂದಿದ್ದರೆ ತಾಲ್ಲೂಕು ಮಟ್ಟದಲ್ಲಿ ಖರ್ಚಿನ ಜಾಡು ಹಿಡಿಯುವುದು ಎಷ್ಟೋ ಸುಲಭವಾಗುತ್ತಿತ್ತು.

ಅರ್ಜಿ ಹಾಕುವವರು ನಮೂದನ್ನು ಅರ್ಹತೆಗಾಗಿ, ಷರತ್ತುಗಳಿಗಾಗಿ, ಆಡಿಟ್ ಸಾಲಿಗಾಗಿ ಓದಲಿ. ಕೊನೆಯ ದಿನಾಂಕವನ್ನು ಮಾತ್ರ ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ಬರುವ ಅಧಿಸೂಚನೆಯಲ್ಲೇ ನೋಡಬೇಕು; ರಾಜ್ಯದ ಮೂಲಕ ಅರ್ಜಿ ಹಾಕುವುದಾದರೆ ರಾಜ್ಯದ ಗಡುವನ್ನು ನೋಡಬೇಕು. ನಮೂದು ವರ್ಷವರ್ಷ ಬದಲಾಗುವುದರಿಂದ ಅರ್ಜಿ ಹಾಕಿದ ದಿನದ ಪ್ರತಿಯೊಂದನ್ನು ದಿನಾಂಕ ಸಮೇತ ಮುದ್ರಿಸಿ ಮಂಜೂರಾತಿ ಪತ್ರದ ಕಡತದಲ್ಲೇ ಇಡಿ.