ಪದ ಪರಿಚಯ: ವೈಚಾರಿಕ ನಂಬಿಕೆ

ಸಾಗರ, ಹೊಸನಗರದ ಕಡೆ ಕೆಲವು ಅಡಿಕೆ ತೋಟಗಳ ಬಾಗಿಲಲ್ಲಿ ಒಂದು ಸಣ್ಣ ಬೋರ್ಡು ಕಾಣುತ್ತದೆ. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ರಕ್ಷಣೆ ಇದೆ ಎಂಬ ಅರ್ಥದ್ದು. ಅದನ್ನು ಓದಿದ ಕಳ್ಳ ಹಿಂದೆ ಸರಿದರೆ ತೋಟದವರಿಗೆ ಲಾಭ. ಬೋರ್ಡು ಹಾಕಿದ್ದು ಬುದ್ಧಿವಂತಿಕೆಯೇ ಸರಿ. ಆದರೆ ಅಷ್ಟಕ್ಕೇ ದೇವಿಯ ಮೇಲಿನ ನಂಬಿಕೆ ವೈಚಾರಿಕ ಎನ್ನಲಾಗದು. ಕಳ್ಳನಿಗೆ ಹೆದರಿಕೆ ಇದ್ದರೆ ಸಾಕು, ನಾಸ್ತಿಕ ಹಾಕಿದ ಬೋರ್ಡೂ ಕೆಲಸ ಮಾಡುತ್ತದೆ.

ನಂಬಿಕೆಯಿಂದ ಪ್ರಯೋಜನ ಇದೆಯೇ ಎಂಬುದು ಒಂದು ಪ್ರಶ್ನೆ, ಅದಕ್ಕೆ ಆಧಾರ ಇದೆಯೇ ಎಂಬುದು ಇನ್ನೊಂದು. ವೈಚಾರಿಕ ನಂಬಿಕೆ ಎನ್ನುವಾಗ ಸಾಮಾನ್ಯವಾಗಿ ಎರಡನೆಯದೇ ಉದ್ದೇಶ: ಕಾರಣ ಕೇಳಿದರೆ ಕೊಡಬಲ್ಲ, ವಿರುದ್ಧ ಸಾಕ್ಷ್ಯ ಬಂದರೆ ತೂಗಿ ನೋಡಲು ಒಪ್ಪುವ ನಂಬಿಕೆ. ಅದು ಕೊನೆಗೆ ಸುಳ್ಳೆಂದು ತಿಳಿದರೂ ವೈಚಾರಿಕವಾಗಿದ್ದಿರಬಹುದು. ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ 17ನೇ ಶತಮಾನದಲ್ಲಿ ಹೂಡಿದ ವಾದ ಮೊದಲನೆಯ ಬಗೆಯದು: ದೇವರಿದ್ದರೆ ನಂಬಿದವನಿಗೆ ಅಪಾರ ಲಾಭ, ಇಲ್ಲದಿದ್ದರೆ ಹೆಚ್ಚೇನೂ ನಷ್ಟವಿಲ್ಲ. ಒಂದು ಕಾಯಿ ಒಡೆದರೆ ಹೋಗುವುದೇನು ಎನ್ನುವ ನಮ್ಮವರ ಮಾತೂ ಇದೇ. ಯಾವ ದೇವರಿಗೆ ಒಡೆಯಬೇಕು ಎಂದು ಕೇಳಿದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಸಾಕಷ್ಟು ಸಾಕ್ಷ್ಯವಿಲ್ಲದೆ ಏನನ್ನೂ ನಂಬುವುದು ತಪ್ಪು ಎಂದು 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ ಖಡಾಖಂಡಿತವಾಗಿ ಹೇಳಿದ. ಸಾಕ್ಷ್ಯ ತೀರ್ಮಾನ ಕೊಡದ, ಆದರೆ ಮುಂದೂಡಲೂ ಆಗದ ದೊಡ್ಡ ಪ್ರಶ್ನೆಗಳಲ್ಲಿ ಮನಸ್ಸು ಒಲಿದತ್ತ ಹೋಗಬಹುದು ಎಂದು 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಉತ್ತರಿಸಿದ. ನೆನಪನ್ನು ನಂಬಲು ನಾವು ಪುರಾವೆ ಕೇಳುವುದಿಲ್ಲ, ದೇವರ ಅರಿವೂ ಹಾಗೆಯೇ ಬೇರೆ ಪುರಾವೆ ಬೇಡದ ಬುಡದ ನಂಬಿಕೆ ಎಂಬುದು ಅಮೆರಿಕದ ತತ್ವಜ್ಞಾನಿ ಪ್ಲಾಂಟಿಂಗಾನ ವಾದ. ಊರೂರಿನ ಗ್ರಾಮದೈವಗಳಾದ ಜಟಕ, ಚೌಡಿಗಳಿಗೂ ಅದೇ ರಿಯಾಯಿತಿ ಸಿಗುತ್ತದೆಯೇ ಎಂದು ಮಲೆನಾಡಿನವರು ಕೇಳಿದರೆ ಅದು ತುಂಟ ಪ್ರಶ್ನೆಯಲ್ಲ.

ನಮ್ಮ ದರ್ಶನಗಳಲ್ಲಿ ಜಗಳ ನಡೆದದ್ದು ಯಾವುದು ಪ್ರಮಾಣ, ಅಂದರೆ ಅರಿವಿಗೆ ನೆಚ್ಚಬಹುದಾದ ದಾರಿ, ಎಂಬುದರ ಮೇಲೆ. ದೇವರು, ಪರಲೋಕ ಒಪ್ಪದ ಚಾರ್ವಾಕರಿಗೆ ಪ್ರತ್ಯಕ್ಷವಷ್ಟೇ ಪ್ರಮಾಣ. ನ್ಯಾಯದರ್ಶನದ ಉದಯನ ಅನುಮಾನದಿಂದಲೇ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕದಿಂದಲೇ, ಈಶ್ವರನನ್ನು ಸಾಧಿಸಲು ಹೊರಟ. ವೇದದ ಕರ್ಮವಿಧಿಗಳನ್ನು ವಿಚಾರಿಸುವ ಮೀಮಾಂಸಕರು ವೇದವನ್ನು ಒಪ್ಪಿ ಸೃಷ್ಟಿಕರ್ತನನ್ನು ಬಿಟ್ಟರು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಶಬ್ದಪ್ರಮಾಣ, ಅಂದರೆ ನೆಚ್ಚತಕ್ಕವರ ಮಾತು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಬೆಳೆಗಾರರು ಎಷ್ಟು ಮಂದಿ? ಆದರೂ ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಎಂಬ ಮದ್ದು ಹೊಡೆಸುತ್ತಾರೆ. ಇದೂ ಬೇರೆಯವರ ಮಾತಿನ ಮೇಲಿನ ನಂಬಿಕೆಯೇ. ಆದರೆ ಮದ್ದು ಬೀಳದ ಗೊನೆಗಳ ಗತಿ ನೋಡಿ ಆ ಮಾತನ್ನು ಪರೀಕ್ಷಿಸಬಹುದು.

ಹರಕೆಯ ವಿಷಯ ಹಾಗಲ್ಲ. ಕಾಯಿ ಉಳಿದರೆ ದೇವರ ದಯೆ, ಉದುರಿದರೆ ಹರಕೆ ತೀರಿಸಿದ್ದು ತಡವಾಯಿತು. ಎರಡೂ ಒಂದೇ ಖಾತೆಗೆ ಜಮಾ. ಯಾವ ಫಲಿತಾಂಶವೂ ಸುಳ್ಳು ಮಾಡಲಾರದ ಹೇಳಿಕೆ ನಿಜಕ್ಕೂ ಏನನ್ನಾದರೂ ಹೇಳುತ್ತದೆಯೇ ಎಂದು 1950ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಆಂಟನಿ ಫ್ಲೂ ಕೇಳಿದ್ದು ಇಂಥದ್ದನ್ನೇ. ಅಡಿಕೆ ಉದುರುವುದರ ವಿವರಣೆಯಾಗಿ ಹರಕೆ ವೈಚಾರಿಕವಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಹರಕೆ ಹೊತ್ತವರು ಮದ್ದು ಹೊಡೆಸುವುದನ್ನು ಬಿಡುವುದಿಲ್ಲವಲ್ಲ! ಅವರಿಗೆ ದೇವರು ಬೋರ್ಡೋದ ಪ್ರತಿಸ್ಪರ್ಧಿ ಅಲ್ಲ, ಕೈಮೀರಿದ್ದನ್ನು ಎದುರಿಸುವಾಗಿನ ಭರವಸೆ. ಇಂಥ ಭರವಸೆ ಪ್ರಶ್ನೆಯ ಬಾಯಿ ಮುಚ್ಚಿಸದಿದ್ದರೆ ಅದನ್ನು ವೈಚಾರಿಕ ಎನ್ನಲು ನನ್ನ ತಕರಾರಿಲ್ಲ. ಶಿಕಾರಿಪುರದ ಸೀಮೆಯವರೇ ಆದ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಕಲ್ಯಾಣದಲ್ಲಿ ಎದುರಾದ ಪ್ರಸಂಗ ಪ್ರಸಿದ್ಧ. ಬಟ್ಟೆ ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ನೇರವಾಗಿ ಕೇಳಿದ. ಅಕ್ಕ ಅದಕ್ಕೆ ಕಾರಣ ಕೊಟ್ಟಳು.